ಹೆರಿಗೆ ವಾರ್ಡಿಗೆ ಮರಳಿದ್ದು

ಗೋಕಾಕ
20 ಜೂನ್ 2023

ಯಲ್ಲಕ್ಕ ಸಿಸ್ಟರ್ ಅವರಿಗೆ ಸಾಹಿರಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ವಾಚ್‌ಮನ್ ಶಿವಾನಂದ ಅದನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ವಾರ್ಡಿನೊಳಗೆ ಬಂದ. "ಘೋಡಗೇರಿಯಿಂದ ಬಂದೈತ್ರಿ, ಮೇಟ್ರನ್ ಬಾಯಾರ ಅಕ್ಷರ ನೋಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಕಿವಿ ಮಂದವಾಯಿತೆಂದು ನೀವು ಕೆಲಸ ಬಿಟ್ಟು ಹೋದಮೇಲೆ ನಮ್ಮನ್ನು ನೆಟ್ಟಗೆ ಬೈಯುವವರೂ ಇಲ್ಲದಂತಾಗಿದೆ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸದು, ಮೊಬೈಲಿನಲ್ಲಿ ಬರೆದರೆ ಅಕ್ಷರ ಕಾಣಿಸದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ತಡವಾದದ್ದಕ್ಕೆ ಸಿಟ್ಟಾಗಬೇಡಿ.

ನನ್ನನ್ನು ಹೆರಿಗೆ ವಾರ್ಡಿನಿಂದ ತೆಗೆದು ಜನರಲ್ ವಾರ್ಡಿಗೆ ಹಾಕಿದ್ದಾರೆ. ಸ್ವಲ್ಪ ದಿನಕ್ಕೆ ಮಾತ್ರ ಅಂದರು. ನನಗೇನೂ ಬೇಸರವಿಲ್ಲ. ನನ್ನ ಜೊತೆಯ ವಿದ್ಯಾ ಹೆರಿಗೆ ವಾರ್ಡಿನಲ್ಲೇ ಇದ್ದಾಳೆ. ಅವಳು ತುಕ್ಕಾನಟ್ಟಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ. ಹೊಸದಾಗಿ ಬಂದ ಹುಡುಗಿಯರು ಒಂದು ತಿಂಗಳೂ ನಿಲ್ಲುವುದಿಲ್ಲ. ಇಡೀ ವಾರ್ಡಿಗೆ ಒಬ್ಬಳೇ ಎನ್ನುವ ಪರಿಸ್ಥಿತಿ. ಮೂತ್ರಕ್ಕೆ ಹೋಗಲು ಬಿಡುವು ಸಿಗುವುದಿಲ್ಲವೆಂದು ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ.

ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಸಲೈನ್ ಹಚ್ಚುವಾಗ ಕೈ ನಡುಗುತ್ತದೆ, ಒಂದೇ ಸಲಕ್ಕೆ ನರ ಸಿಗುವುದಿಲ್ಲ. ಮೊನ್ನೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಹಲ್ಲೊಂದು ಮುರಿಯಿತು. ಅದರ ನೋವಿಗೇ ಹೀಗಾಗುತ್ತಿರಬೇಕು.

ನೀವು ಇಷ್ಟೊಂದು ವರ್ಷ ಹೇಗೆ ತಡೆದುಕೊಂಡಿರಿ, ಅಕ್ಕಾ? ಅದನ್ನು ಬರೆಯಿರಿ.

ನಿಮ್ಮ
ಸಾಹಿರಾ

*

ಘೋಡಗೇರಿ
2 ಜುಲೈ 2023

ತಂಗಿ ಸಾಹಿರಾಗೆ ಯಲ್ಲಕ್ಕನ ಆಶೀರ್ವಾದಗಳು.

ಬಕ್ರೀದ್‌ಗೆ ಮೇಲವಂಕಿಗೆ ಹೋಗಿದ್ದೆಯಾ? ಅಪ್ಪ ಸುಭಾನಸಾಬರು ಆರಾಮವೇ? ಹಲ್ಲು ಮುರಿದರೆ ಲವಂಗ ಕಚ್ಚಿ ಹಿಡಿದು ಕೂಡಬೇಡ, ಹಲ್ಲಿನ ಡಾಕ್ಟರರಿಗೆ ತೋರಿಸು. ಊರ ಮಂದಿಗೆಲ್ಲ ಬುದ್ಧಿ ಹೇಳುವ ನಾವು ನಮ್ಮ ಮೈ ಬಗ್ಗೆ ಮಾತ್ರ ಮೂಢರು.

ನಾನು ಹೇಗೆ ತಡೆದುಕೊಂಡೆ ಎಂದು ಕೇಳಿದ್ದೀಯ. ಹುಕ್ಕೇರಿಯ ಸರ್ಕಾರಿ ಕೆಲಸದಲ್ಲಿದ್ದಾಗ ಡ್ಯೂಟಿ ಮುಗಿಸಿ ಬಂದವಳೇ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂಡುತ್ತಿದ್ದೆ. ನಮ್ಮವ್ವ ಕುರಿ ಮೇಯಿಸಿ ಬಂದು ಹಾಗೇ ಮಾಡುತ್ತಿದ್ದಳು. ರೊಟ್ಟಿ ತಣ್ಣಗಾಗಿದ್ದರೂ ಕೂತೇ ತಿನ್ನುತ್ತಿದ್ದೆ, ನಿಂತು ತಿನ್ನುತ್ತಿರಲಿಲ್ಲ. ಯಾರಾದರೂ ಸತ್ತ ದಿನ ಬಟ್ಟೆ ಮಡಿಸಿಡುವ ಕೋಣೆಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ದೇವರನ್ನು ನೆನೆಯುತ್ತಿದ್ದೆ. ಅಳು ಬಂದರೆ ಅಲ್ಲೇ ಅತ್ತು ಮುಖ ತೊಳೆದು ಹೊರಗೆ ಬರುತ್ತಿದ್ದೆ. ನಮ್ಮ ಗೋಕಾಕದ ಆಸ್ಪತ್ರೆಯಲ್ಲೂ ಅಂಥದೊಂದು ಕೋಣೆ ಇದೆಯಲ್ಲ, ನೀನು ನಿನ್ನ ನಮಾಜಿನ ಬಟ್ಟೆ ಅಲ್ಲಿ ಹಾಸಿಕೋ. ಯಾರಾದರೂ ಬೇಡ ಅಂದರೆ ನನ್ನ ಹೆಸರು ಹೇಳು.

ಮತ್ತೊಂದು ಮಾತು. ಡಾಕ್ಟರ್ ಸಾಹೇಬರಿಗೆ ನಾನೇ ಪತ್ರ ಬರೆಯುತ್ತೇನೆ. ಆಸ್ಪತ್ರೆ ಅವರದೇ, ನನ್ನ ಮಾತು ತೆಗೆದುಹಾಕುವವರೂ ಅಲ್ಲ. ನರ್ಸುಗಳಿಗೆ ಕೂಡಲು ಒಂದು ಕೋಣೆಯನ್ನಾದರೂ ಕೊಡಲಿ. ದಣಿದವರಿಗೆ ತುಸು ಹೊತ್ತು ಬೆನ್ನು ಚಾಚಲು ಸಿಕ್ಕರೆ ಕೈ ನಡುಗುವುದು ತಾನೇ ನಿಲ್ಲುತ್ತದೆ.

ನಾನು ಗಟ್ಟಿಯಾಗಿದ್ದೇನೆ. ಅಣ್ಣನ ಮಗ ಮಾಳು, ಅವನ ಹೆಂಡತಿ ಕಾಶೆವ್ವ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮಳೆ ನಿಂತಮೇಲೆ ಒಂದು ದಿನ ಗೋಕಾಕಕ್ಕೆ ಬಂದು ನಿಮ್ಮನ್ನೆಲ್ಲ ನೋಡುತ್ತೇನೆ.

ಯಲ್ಲಕ್ಕ

*

ಗೋಕಾಕ
18 ಆಗಸ್ಟ್ 2023

ಅಕ್ಕಾ,

ಕೋಣೆ ಸಿಕ್ಕಿತು! ಸ್ವಾತಂತ್ರ್ಯ ದಿನದಂದು ಡಾಕ್ಟರ್ ಸಾಹೇಬರು ರಿಬ್ಬನ್ ಕತ್ತರಿಸಿದರು. 'ಶುಶ್ರೂಷಕಿಯರ ವಿಶ್ರಾಂತಿ ಕೊಠಡಿ' ಎಂದು ಬೋರ್ಡು ಬರೆಸಿದ್ದಾರೆ. ಪೇಪರಿನವರು ಫೋಟೋ ತೆಗೆದರು. ಭಾಷಣದಲ್ಲಿ ನಿಮ್ಮ ಹೆಸರೂ ಬಂತು.

ಬೆಳಗಾವಿಯಿಂದ ಒಬ್ಬರು ಮೇಡಂ ಬಂದಿದ್ದರು. ನಮ್ಮನ್ನೆಲ್ಲ ಕೂಡಿಸಿ ಕಣ್ಣು ಮುಚ್ಚಲು ಹೇಳಿದರು. ನದಿಯ ದಂಡೆಯಲ್ಲಿ ಕೂತಿದ್ದೇವೆ ಎಂದು ತಿಳಿದುಕೊಳ್ಳಬೇಕಂತೆ, ಉಸಿರು ಒಳಗೆ ತೆಗೆದುಕೊಂಡು ಮೆಲ್ಲಗೆ ಬಿಡಬೇಕಂತೆ. ವಿದ್ಯಾ ಎರಡನೇ ಉಸಿರಿಗೇ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ತಲೆ ನನ್ನ ಹೆಗಲ ಮೇಲೆ. "ನೋಡಿ, ಎಷ್ಟು ಬೇಗ ಶಾಂತಿ ಸಿಕ್ಕಿತು" ಎಂದರು ಮೇಡಂ. ಎಲ್ಲರೂ ನಕ್ಕರು. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಕರೆ ಬಂತು, ಅವಳನ್ನು ಎಬ್ಬಿಸಿ ಕಳಿಸಿದೆ.

ಬಟ್ಟೆ ಮಡಿಸಿಡುವ ಕೋಣೆ ಎಂದು ಬರೆದಿದ್ದಿರಲ್ಲ, ಹೇಗೆ ಹೇಳಲಿ, ಈಗ ಅದಕ್ಕೇ ಬೋರ್ಡು ಹಾಕಿರುವುದು. ಮರುದಿನವೇ ಅಲ್ಲಿ ಆಕ್ಸಿಜನ್ ಸಿಲಿಂಡರ್ ತಂದು ನಿಲ್ಲಿಸಿದರು, ಬೇರೆ ಜಾಗವಿಲ್ಲವಂತೆ. ಒಂದು ಕುರ್ಚಿ ಇದೆ. ಇರಲಿ, ಬೋರ್ಡಾದರೂ ಇದೆಯಲ್ಲ. ಸಿಲಿಂಡರುಗಳ ನಡುವೆ ನಮಾಜಿನ ಬಟ್ಟೆ ಹಾಸಲು ಆಗುವುದಿಲ್ಲ, ಹಾಗಾಗಿ ನಾನು ಮನೆಗೆ ಹೋದಮೇಲೆಯೇ ಎಲ್ಲ ಹೊತ್ತಿನದೂ ಸೇರಿಸಿ ಮಾಡುತ್ತೇನೆ. ಮಾಡುತ್ತೇನೆ ಅಂದೆ, ಖರೆ ಹೇಳಬೇಕೆಂದರೆ ಎಷ್ಟೋ ದಿನ ಮಾಡುವುದಿಲ್ಲ.

ನೀವು ನಮಗಾಗಿ ಬರೆದಿರಿ ಎನ್ನುವುದೇ ದೊಡ್ಡದು. ನಾನು ಆರಾಮಾಗಿದ್ದೇನೆ.

ಸಾಹಿರಾ

*

ಘೋಡಗೇರಿ
27 ಆಗಸ್ಟ್ 2023

ಸಾಹಿರಾ,

ಪೇಪರಿನ ಫೋಟೋ ನೋಡಿದೆ. ಕತ್ತರಿಸಿ ದೇವರ ಜಗಲಿಯ ಬಾಜೂಕ್ಕೆ ಹಚ್ಚಿದ್ದೇನೆ. ಆ ಕೋಣೆ ನೋಡಿ ಎಷ್ಟು ಸಂತೋಷವಾಯಿತೆಂದರೆ ಕಾಶೆವ್ವನಿಗೆ ಹೇಳಿ ಶಿರಾ ಮಾಡಿಸಿದೆ. ಸಿಲಿಂಡರ್ ಇಂದಲ್ಲ ನಾಳೆ ತೆಗೆಯುತ್ತಾರೆ. ಮೊದಲು ಬೋರ್ಡು, ಆಮೇಲೆ ಮಂಚ, ಆಮೇಲೆ ಉಳಿದದ್ದು.

ಆದರೆ ಮಾಳು ಕುರಿ ಮಾರಲು ಗೋಕಾಕದ ಸಂತೆಗೆ ಹೋದವನು ಆಸ್ಪತ್ರೆಯ ಹತ್ತಿರ ಶಿವಾನಂದನನ್ನು ಕಂಡು ಬಂದಿದ್ದಾನೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದ: "ಅತ್ತಿ, ಆ ಸಾಹಿರಾ ಸಿಸ್ಟರ್ ಅದಾರಲ್ಲ, ಅವ್ರಿಗೆ ಪೇಶಂಟಿನ ಕಡೇ ಮಂದಿ ಹೊಡದಾರಂತ. ಹಲ್ಲ ಬಿದ್ದಾವಂತ." ಮೂರು ಸಲ ಹೇಳಿಸಿದೆ, ಕೇಳಿಸಲಿಲ್ಲ ಎಂದಲ್ಲ.

ಬಚ್ಚಲಲ್ಲಿ ಬಿದ್ದೆ ಎಂದು ನನಗೆ ಬರೆದೆಯಲ್ಲ, ನಾನೂ ಹಲ್ಲಿನ ಡಾಕ್ಟರ್ ಎಂದು ಬುದ್ಧಿ ಹೇಳಿದೆನಲ್ಲ. ಏನಾಯಿತು ಹೇಳು. ಏನನ್ನೂ ಮುಚ್ಚಿಡಬೇಡ.

ಯಲ್ಲಕ್ಕ

*

ಗೋಕಾಕ
10 ಸೆಪ್ಟೆಂಬರ್ 2023

ಅಕ್ಕಾ,

ಹೇಳಬಾರದೆಂದಲ್ಲ. ಬರೆದರೆ ಮತ್ತೊಮ್ಮೆ ನಡೆದಂತಾಗುತ್ತದೆ ಎಂದು ಬಿಟ್ಟಿದ್ದೆ.

ಮೇ ತಿಂಗಳಲ್ಲಿ ಇಂದ್ರವ್ವ ಎಂಬ ಹುಡುಗಿ ಹೆರಿಗೆಗೆ ಬಂದಿದ್ದಳು. ಚೊಚ್ಚಲು. ಮಾತಿನ ಮಲ್ಲಿ. ನೋವು ಬಂದಾಗಲೂ "ನರ್ಸಬಾಯಾರ, ನಿಮ್ಮ ಕೈಯಾಗಿನ ಬಳಿ ಚಂದ ಅದಾವ್ರಿ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಿದ್ದಳು. ಮಧ್ಯಾಹ್ನ ಹೆರಿಗೆ ಸಲೀಸಾಗಿ ಆಯಿತು, ಗಂಡು ಮಗು. ಆದರೆ ರಕ್ತ ನಿಲ್ಲಲಿಲ್ಲ. ಗರ್ಭಕೋಶ ಬಿಗಿಯಲೇ ಇಲ್ಲ. ನೀವು ಕಲಿಸಿದ್ದೆಲ್ಲ ಮಾಡಿದೆ. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದೆ, ಕಾಲು ಎತ್ತರಕ್ಕಿಟ್ಟೆ. ಡಾಕ್ಟರ್ ಸಾಹೇಬರು ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹೋಗಿದ್ದರು. ಮತ್ತೆ ಮತ್ತೆ ಫೋನ್ ಮಾಡಿದೆ. "ಬರಾಕತ್ತೇನಿ, ಬ್ಲಡ್ ತರಸ್ರಿ" ಎಂದರು. ರಕ್ತ ಬಂತು, ಅವರೂ ಬಂದರು, ಆದರೆ ಅಷ್ಟರಲ್ಲಿ ಇಂದ್ರವ್ವ ಮಾತು ನಿಲ್ಲಿಸಿದ್ದಳು. ನನ್ನ ಕೈ ಹಿಡಿದವಳು ಬಿಟ್ಟಿರಲಿಲ್ಲ. ಬಿಡಿಸಿಕೊಳ್ಳಬೇಕಾಯಿತು.

ಹೊರಗೆ ಅವಳ ಕಡೆಯವರೆಲ್ಲ ನೆರೆದಿದ್ದರು. ಸಾಹೇಬರು ಬಾಗಿಲ ಹತ್ತಿರ ನಿಂತು, ನನ್ನನ್ನು ನೋಡದೆ ಹೇಳಿದರು: "ಸಿಸ್ಟರ್ ನಮಗ ತಿಳಸೂದು ತಡಾ ಆತು." ಅಷ್ಟೇ ಸಾಕಾಯಿತು. ಅವಳ ಅಣ್ಣ ಬಂದು ಹೊಡೆದ. ಮುಷ್ಟಿಯಿಂದ. ಅವನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕಾ, ಅವನು ಅಳುತ್ತಲೇ ಹೊಡೆಯುತ್ತಿದ್ದ. ಆಮೇಲೆ ಆಫೀಸಿನಲ್ಲಿ ಕೂಡಿಸಿ, ಅವರೆದುರು ಕೈ ಮುಗಿದು ತಪ್ಪಾಯಿತು ಅನ್ನಲು ಹೇಳಿದರು. "ಒಂದ್ ಮಾತ ಅಂದಬಿಡವಾ, ಎಲ್ಲಾ ಮುಗೀತೈತಿ" ಎಂದರು ಸಾಹೇಬರು. ಬಾಯಿತುಂಬ ರಕ್ತವಿತ್ತು. ಅಂದೆ.

ಪೊಲೀಸರಿಗೆ ಹೇಳೋಣವೆಂದರೆ ಅಬ್ಬಾ ಬೇಡವೆಂದರು. "ಬೇಟಿ, ನಿನ್ನ ಮದುವಿ ಮಾತ ನಡದೈತಿ. ಹೆಣಮಗಳ ಹೆಸರ ಸ್ಟೇಷನ್ನಾಗ ಬ್ಯಾಡ." ಆ ಮಾತುಕತೆಯೂ ಆಮೇಲೆ ಮುರಿಯಿತು. ಹುಡುಗನ ಕಡೆಯವರಿಗೆ ಹೇಗೋ ಗೊತ್ತಾಗಿತ್ತು.

ಸಜ್ದಾಕ್ಕೆ ಬಗ್ಗಿ ಹಣೆ ಹಚ್ಚಿದರೆ ನೆಲದಿಂದ ಅದೇ ರಕ್ತದ ವಾಸನೆ ಬರುತ್ತದೆ. ಅದಕ್ಕೇ ನಮಾಜು ಬಿಟ್ಟದ್ದು. ಕೋಣೆ ಇಲ್ಲವೆಂದಲ್ಲ.

ಕೆಲಸ ಬಿಡಬೇಕೆಂದಿದ್ದೇನೆ. ಏನು ಹೇಳುತ್ತೀರಿ?

ಸಾಹಿರಾ

*

ಘೋಡಗೇರಿ
17 ಸೆಪ್ಟೆಂಬರ್ 2023

ತಂಗಿ,

ನಿನ್ನ ಪತ್ರ ಓದಿ ಊಟ ಸೇರಲಿಲ್ಲ.

ಆದರೆ ಕೆಲಸ ಬಿಡಬೇಡ. ಈಗ ಬಿಟ್ಟರೆ ತಪ್ಪು ನಿನ್ನದೇ ಎಂದು ಊರೆಲ್ಲ ಅನ್ನುತ್ತದೆ, ನಾಳೆ ನೀನೂ ಹಾಗೇ ಅಂದುಕೊಳ್ಳುತ್ತೀ. ನಿನ್ನ ಕೈ ನನಗೆ ಗೊತ್ತು. ನಾನು ಕಲಿಸಿದ ಹುಡುಗಿಯರಲ್ಲಿ ಅಂಥ ಹಗುರ ಕೈ ಇನ್ನೊಂದಿಲ್ಲ. ಹುಕ್ಕೇರಿಯಲ್ಲಿದ್ದಾಗ ನನ್ನ ಕೈಯಲ್ಲೂ ಬಾಣಂತಿಯೊಬ್ಬಳು ಹೋದಳು. ಮರುದಿನವೇ ನಾನು ಅದೇ ಮಂಚದ ಹತ್ತಿರ ನಿಂತು ಇನ್ನೊಂದು ಹೆರಿಗೆ ಮಾಡಿಸಿದೆ. ಆ ಕೂಸು ಅತ್ತಾಗ ನನ್ನ ಎದೆ ಹಗುರವಾಯಿತು. ಅಂಜಿಕೆ ಎಲ್ಲಿ ಹತ್ತಿತೋ ಅಲ್ಲೇ ಇಳಿಯಬೇಕು. ನಿನ್ನನ್ನು ಜನರಲ್ ವಾರ್ಡಿಗೆ ಹಾಕಿ ಅವರು ತಪ್ಪು ಮಾಡಿದ್ದಾರೆ.

ಅದಕ್ಕೇ ಇವತ್ತೇ ಡಾಕ್ಟರ್ ಸಾಹೇಬರಿಗೆ ಇನ್ನೊಂದು ಪತ್ರ ಬರೆದೆ. ಸಾಹಿರಾಳನ್ನು ಹೆರಿಗೆ ವಾರ್ಡಿಗೇ ಮರಳಿ ಹಾಕಿ, ಅವಳ ಹೊಣೆ ನನ್ನದು ಎಂದಿದ್ದೇನೆ. ನಡೆದದ್ದರ ಬಗ್ಗೆಯೂ ಎರಡು ಮಾತು ಬಿಸಿಯಾಗಿಯೇ ಬರೆದಿದ್ದೇನೆ. ನನ್ನ ಸಲುವಾಗಿ ಒಮ್ಮೆ ಹೋಗು. ದಸರೆಯೊಳಗೆ ನಾನೇ ಬಂದು ನಿನ್ನ ಬಾಜೂಕ್ಕೆ ನಿಲ್ಲುತ್ತೇನೆ.

ಯಲ್ಲಕ್ಕ

*

ಘೋಡಗೇರಿ
5 ನವೆಂಬರ್ 2023

ಸಾಹಿರಾ,

ನಿನ್ನ ಕಡೆಯಿಂದ ಒಂದು ಅಕ್ಷರವೂ ಇಲ್ಲ. ಕೆಲಸದ ಗದ್ದಲ ಇರಬೇಕು, ಹಾಗಿದ್ದರೆ ಒಳ್ಳೆಯದೇ. ಹೆರಿಗೆ ವಾರ್ಡಿಗೆ ಮರಳಿದೆಯಾ? ನಿನಗೆಂದು ಕಾಶೆವ್ವನ ಹತ್ತಿರ ಶೇಂಗಾ ಹೋಳಿಗೆ ಮಾಡಿಸಿ ಇಟ್ಟಿದ್ದೆ. ಗೋಕಾಕದ ಕಡೆ ಹೋಗುವವರು ಯಾರೂ ಸಿಗಲಿಲ್ಲ. ದಸರೆಗೆ ಬರಲಾಗಲಿಲ್ಲ, ಮನೆಯಲ್ಲಿ ಕೆಲಸವಿತ್ತು. ದೀಪಾವಳಿ ಕಳೆದು ಬರುತ್ತೇನೆ.

ಯಲ್ಲಕ್ಕ

*

ಘೋಡಗೇರಿ
16 ಡಿಸೆಂಬರ್ 2023

ಸಾಹಿರಾ,

ನೀನು ಎಲ್ಲವನ್ನೂ ಬರೆದೆ, ನಾನು ಮಾತ್ರ ಗಟ್ಟಿಯಾಗಿದ್ದೇನೆ ಎಂದು ಸುಳ್ಳು ಬರೆಯುತ್ತಾ ಬಂದೆ. ನಾನು ಹಾಸಿಗೆ ಹಿಡಿದು ವರ್ಷವಾಗುತ್ತಾ ಬಂತು. ರೋಗಿಗಳನ್ನು ಎತ್ತಿ ಎತ್ತಿ ಬೆನ್ನುಮೂಳೆ ಸವೆದಿದೆಯಂತೆ. ಕಾಶೆವ್ವ ಹಿಡಿದುಕೊಂಡರೆ ಬಾಗಿಲ ತನಕ ಹೋಗುತ್ತೇನೆ. ಬಸ್ಸಿನಲ್ಲಿ ಕೂಡುವುದಂತೂ ಸಾಧ್ಯವೇ ಇಲ್ಲ. ಬರುತ್ತೇನೆ ಬರುತ್ತೇನೆ ಎಂದು ಬರೆದದ್ದು ನಿನಗೆ ಧೈರ್ಯ ಬರಲಿ ಎಂದು. ನನಗೂ.

ಹೇಗಿದ್ದೀಯ, ಅದೊಂದನ್ನೇ ಬರೆ.

ಯಲ್ಲಕ್ಕ

*

ಮೇಲವಂಕಿ
9 ಜನವರಿ 2024

ಅಕ್ಕಾ,

ನಿಮ್ಮ ಎರಡೂ ಪತ್ರಗಳನ್ನು ಶಿವಾನಂದ ಇಲ್ಲಿಗೆ ತಲುಪಿಸಿದ. ಬೆನ್ನಿನ ವಿಷಯ ಓದಿದೆ. ಆಗಲೇ ಗೊತ್ತಿದ್ದರೆ ನಿಮ್ಮನ್ನು ಏನೂ ಕೇಳುತ್ತಿರಲಿಲ್ಲ.

ನಾನೀಗ ಅಬ್ಬಾನ ಮನೆಯಲ್ಲಿದ್ದೇನೆ. ಆದದ್ದನ್ನು ನೀವು ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಬರೆಯುತ್ತಿದ್ದೇನೆ.

ಸಾಹೇಬರು ನಿಮ್ಮ ಪತ್ರ ನನಗೆ ತೋರಿಸಿ ನಕ್ಕರು. "ನಿಮ್ಮ ಮೇಟ್ರನ್ ಹೊಣಿ ತಗೊಂಡಾರ. ನಾಳಿಂದ ಲೇಬರ್ ವಾರ್ಡಿಗೆ ಹೋಗ್ರಿ." ಅವರಿಗೂ ಅಲ್ಲಿ ಆಳು ಬೇಕಾಗಿತ್ತು. ನಾನು ಹೋದೆ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಮಗು ಅತ್ತರೆ ಎದೆ ಹಗುರವಾಗುತ್ತದೆ ಅಂದಿದ್ದಿರಿ. ಕಾದು ನೋಡಿದೆ. ನನಗೆ ಆಗಲಿಲ್ಲ. ಆದರೂ ಕೆಲಸ ನಡೆಯುತ್ತಿತ್ತು.

ಅಕ್ಟೋಬರಿನಲ್ಲಿ ಒಬ್ಬಳಿಗೆ ಹೆರಿಗೆಯಾದ ಮೇಲೆ ರಕ್ತ ಹೋಗತೊಡಗಿತು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಟ್ರೇ ಕೈಯಳತೆಯಲ್ಲೇ ಇತ್ತು. ನನ್ನ ಕಾಲು ಏಳಲಿಲ್ಲ. ಬೆನ್ನು ಗೋಡೆಗೆ ಹತ್ತಿಕೊಂಡಿತ್ತು. ವಿದ್ಯಾ ಕೂಗಿದಳು, "ಸಾಹಿರಾ, ಇಂಜೆಕ್ಷನ್ ಕೊಡ! ಏ, ನನ್ನ ಕಡೆ ನೋಡ!" ನೋಡುತ್ತಲೇ ಇದ್ದೆ. ಕೊನೆಗೆ ಅವಳೇ ಎಲ್ಲ ಮಾಡಿದಳು. ಒಬ್ಬಳೇ ಆ ಹೆಂಗಸನ್ನು ಎತ್ತಿ ಸ್ಟ್ರೆಚರಿಗೆ ಹಾಕಿ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದಳು. ಆ ಹೆಂಗಸು ಉಳಿದಳು.

ವಿದ್ಯಾಗೆ ಮೂರು ತಿಂಗಳಾಗಿತ್ತು. ನನಗೂ ಹೇಳಿರಲಿಲ್ಲ. ಬಸುರಿ ಎಂದು ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಎಲ್ಲರಿಂದ ಮುಚ್ಚಿಟ್ಟಿದ್ದಳು. ಮರುದಿನ ಡ್ಯೂಟಿಯಲ್ಲಿದ್ದಾಗಲೇ ಹೊಟ್ಟೆನೋವು ಶುರುವಾಯಿತು, ಸಂಜೆಯೊಳಗೆ ಗರ್ಭ ಹೋಯಿತು. ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಸಾಹೇಬರು. ಇಲ್ಲದೆಯೂ ಇರಬಹುದು. ಅವಳ ಬಟ್ಟೆ ಬದಲಿಸಿದವಳು ನಾನು. ಅವಳು ಬೈಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಹೋಗ್ ಸಾಹಿರಾ, ನಿನ್ನ ಪೇಶಂಟ್ ಕಾಯಾಕತ್ತಾರ" ಎಂದಳು.

ಅದೇ ವಾರ ನನ್ನನ್ನು ಕೆಲಸದಿಂದ ತೆಗೆದರು. ವಿದ್ಯಾ ತುಸು ದಿನ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಹೋದಳು. ನನ್ನ ಫೋನ್ ಎತ್ತುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇನ್ನು ಮುಂದೆ ಯಾರ ಸಲುವಾಗಿಯೂ ಸಾಹೇಬರಿಗೆ ಪತ್ರ ಬರೆಯಬೇಡಿ.

ಸಾಹಿರಾ

*

ಘೋಡಗೇರಿ
4 ಫೆಬ್ರುವರಿ 2024

ಸಾಹಿರಾ,

ಬಹಳ ದಿನ ಬರೆಯಲಾಗಲಿಲ್ಲ. ಬರೆಯುವುದು, ಹರಿಯುವುದು, ಇದೇ ಆಯಿತು. ಪ್ರತಿ ಸಲ ಏನಾದರೊಂದು ಬುದ್ಧಿಮಾತು ಕಾಗದದ ಮೇಲೆ ಬಂದು ಕೂಡುತ್ತಿತ್ತು.

ಆ ದಿನಗಳಲ್ಲಿ ನಾವು ಅಂಜಿಕೆಯನ್ನು ನುಂಗಿ ದುಡಿದೆವು. ಅದನ್ನೇ ದೊಡ್ಡ ವಿದ್ಯೆ ಎಂದು ನಿಮಗೂ ಕಲಿಸಿದೆ. ನಿನ್ನನ್ನು ಯಾರಾದರೂ ಕೂಡಿಸಿ ನಿನ್ನ ಮಾತನ್ನು ಬರೀ ಕೇಳಬೇಕಾಗಿತ್ತು. ನಾನೋ ಕಿವುಡಿ.

ಮಾಳುವಿನ ಕೈಯಲ್ಲಿ ವಿದ್ಯಾಗೆ ಊರ ಕೋಳಿಯ ತತ್ತಿ, ಸ್ವಲ್ಪ ತುಪ್ಪ ಕೊಟ್ಟು ತುಕ್ಕಾನಟ್ಟಿಗೆ ಕಳಿಸಿದ್ದೆ. ಅವಳು ಡ್ಯೂಟಿಗೆ ಹೋಗಿದ್ದಳಂತೆ. ಅವಳ ಅತ್ತೆ ಇಸಿದುಕೊಂಡು, "ಹೇಳ್ತೇನಿ" ಎಂದು ಬಾಗಿಲು ಹಾಕಿದಳಂತೆ.

ನೀನು ಇಲ್ಲಿಗೆ ಬಂದು ನಾಲ್ಕು ದಿನ ಇರು. ನಾನು ಏನೂ ಹೇಳುವುದಿಲ್ಲ. ಹೊಲದ ಕಡೆ ತಿರುಗಾಡು, ಉಣ್ಣು, ಮಲಗು.

ಯಲ್ಲಕ್ಕ

*

ಮೂಡಲಗಿ
22 ಏಪ್ರಿಲ್ 2024

ಅಕ್ಕಾ,

ಘೋಡಗೇರಿಗೆ ಬರಲಾಗಲಿಲ್ಲ. ರಂಜಾನಿಗೆ ಮೊದಲೇ ಅಬ್ಬಾ ನನ್ನನ್ನು ಮೂಡಲಗಿಯಲ್ಲಿರುವ ನಮ್ಮ ಚಿಕ್ಕಮ್ಮ ಗುಡುಬಿ ಖಾಲಾನ ಮನೆಗೆ ಕಳಿಸಿದರು. ಇಲ್ಲಿ ಹೊಲಿಗೆ ಮಾಡುತ್ತೇನೆ. ರೋಜಾ ಎಲ್ಲ ಹಿಡಿದೆ, ಅದಕ್ಕೇನೂ ಕಷ್ಟವಾಗಲಿಲ್ಲ, ನೀರಿಲ್ಲದೆ ಇರುವುದು ರೂಢಿಯಿತ್ತು. ದುವಾಕ್ಕೆ ಕೈ ಎತ್ತಿದರೆ ಮಾತ್ರ ಏನು ಕೇಳಬೇಕೆಂದು ತಿಳಿಯಲಿಲ್ಲ. ಎಲ್ಲರೂ ಮುಗಿಸಿ ಎದ್ದಾಗ ನಾನೂ ಎದ್ದೆ.

ಮೊನ್ನೆ ಬಾಜೂ ಮನೆಯ ಸೊಸೆ ಫರೀನಳಿಗೆ ಮಧ್ಯಾಹ್ನ ನೋವು ಬಂತು. ದಿನ ಇನ್ನೂ ಇತ್ತು, ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಅವಳ ಅತ್ತೆ ಓಡಿಬಂದು ಬಾಗಿಲು ಬಡಿದಳು. ಖಾಲಾ ಮನೆಯಲ್ಲಿರಲಿಲ್ಲ. ನಾನೇ ತೆರೆದೆ.

"ನೀವು ಗೋಕಾಕದಾಗ ನರ್ಸ್ ಇದ್ರಿ ಅಂತಲ್ರಿ? ಲಗೂನ ಬರ್ರಿ, ನೀರ ಹೋಗೈತಿ" ಎಂದಳು.

"ಅಲ್ರಿ, ನಾನಲ್ಲ" ಎಂದೆ.

"ಗುಡುಬಿನೇ ಹೇಳ್ಯಾಳಲ್ರಿ."

"ಅಕಿಗೆ ಗೊತ್ತಿಲ್ರಿ. ಆಂಬುಲೆನ್ಸಿಗೆ ಫೋನ್ ಮಾಡ್ರಿ."

ಅವಳು ನನ್ನ ಮುಖ ನೋಡುತ್ತಾ ನಿಂತಳು. ನಾನು ಬಾಗಿಲು ಹಾಕಿ ಚಿಲಕ ಏರಿಸಿ ಅಲ್ಲೇ ಕೂತೆ. ಒಂದೇ ಗೋಡೆ ಅಕ್ಕಾ, ಎಲ್ಲ ಕೇಳಿಸುತ್ತಿತ್ತು. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ, ಕೂಗಿನ ದನಿ ಯಾವಾಗ ಬದಲಾಯಿತು, ಈಗ ತಿಣುಕಬಾರದು ಉಸಿರು ಬಿಡಬೇಕು, ಎಲ್ಲ ತಿಳಿಯುತ್ತಿತ್ತು. ಅಲ್ಲಿ ಯಾರೂ ಅವಳಿಗೆ ಅದನ್ನು ಹೇಳುತ್ತಿರಲಿಲ್ಲ. ನಾನು ಸೆರಗನ್ನು ಬಾಯಿಗಿಟ್ಟುಕೊಂಡು ಕೂತಿದ್ದೆ. ಆಮೇಲೆ ಆಂಬುಲೆನ್ಸ್ ಬಂತು, ಹೋಯಿತು.

ನಿಮ್ಮ ಪತ್ರ ಬಂದಾಗಲೆಲ್ಲ ಲಕೋಟೆ ತೆರೆಯುವ ಮೊದಲೇ ವಾರ್ಡು ಕಣ್ಣಮುಂದೆ ಬರುತ್ತದೆ. ನೀವು ಒಳ್ಳೆಯದನ್ನೇ ಬರೆಯುತ್ತೀರಿ, ಅದು ನನಗೆ ಗೊತ್ತು. ಆದರೂ ಇನ್ನು ಬರೆಯಬೇಡಿ. ಕಾಶೆವ್ವ ನಿಮ್ಮನ್ನು ಹಿಡಿದೆಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬಾರದು, ಮೊದಲು ಮಗ್ಗುಲಾಗಿ ಹೊರಳಿಸಿ ಆಮೇಲೆ ಎಬ್ಬಿಸಲಿ.

ಫರೀನಳಿಗೆ ಹೆಣ್ಣು ಮಗುವಂತೆ. ಇಬ್ಬರೂ ಚೆನ್ನಾಗಿದ್ದಾರಂತೆ. ಓಣಿಯವರೆಲ್ಲ ಹೋಗಿ ನೋಡಿ ಬಂದರು. ನಾನು ಹೋಗಿಲ್ಲ.

ಸಾಹಿರಾ